ಬಿಟ್ಟು ಆಡುವ ದೃಶ್ಯ

ತನ್ನ ಮಗನ ತಲೆಯನ್ನು ಪೆಟ್ಟಿಗೆಯಲ್ಲಿ ನೋಡಿ, ಇದು ಬೇರೊಬ್ಬರ ಮಗನ ತಲೆ ಎಂದು ಸಾಕ್ಷಿ ಹೇಳುವ ತಂದೆಯೊಬ್ಬನಿಗಾಗಿ ನಾನು ಅತ್ತಿದ್ದೇನೆ. ಅತ್ತದ್ದಷ್ಟೇ ಅಲ್ಲ, ತೆರೆ ಎಳೆದ ಮೇಲೆ ಅಂಗೈ ಉರಿಯುವಷ್ಟು ಚಪ್ಪಾಳೆಯನ್ನೂ ತಟ್ಟಿದ್ದೇನೆ. ಆ ಹುಡುಗನನ್ನು ಸಾವಿಗೆ ಕಳಿಸಿದವನೂ ಅದೇ ತಂದೆ. ಟೋಕಿಯೋದ ಗಿಂಜಾ ಬೀದಿಯ ಕಬುಕಿ-ಜಾ ರಂಗಮಂದಿರದಿಂದ ಹೊರಟು ಮೆಟ್ರೋದಲ್ಲಿ ಕೂತಾಗ, ಎದುರು ಸೀಟಿನಲ್ಲಿ ಶಾಲೆಯ ಹುಡುಗನೊಬ್ಬ ಬೆನ್ನಿನ ಚೀಲವನ್ನೂ ತೆಗೆಯದೆ ತೂಕಡಿಸುತ್ತಿದ್ದ. ಅವನನ್ನು ನೋಡಿದಾಗ ಒಂದು ಬಗೆಯ ನಾಚಿಕೆಯಾಯಿತು. ನಾನು ಅತ್ತದ್ದು ಯಾರಿಗಾಗಿ? ಸತ್ತ ಹುಡುಗನಿಗಾಗಿ ಅಲ್ಲ. ಕೊಟ್ಟ ಅಪ್ಪನಿಗಾಗಿ.

ಇದು ಹಲವು ವರ್ಷಗಳ ಹಿಂದಿನ ಮಾತು. ಆ ನಾಚಿಕೆ ಇನ್ನೂ ಪೂರ್ತಿ ಹೋಗಿಲ್ಲ.

ನಾನು ಕರಾವಳಿಯವನು. ಗದ್ದೆಯಲ್ಲಿ ಚಾಪೆ ಹಾಸಿಕೊಂಡು ಬೆಳಗಿನವರೆಗೆ ಯಕ್ಷಗಾನ ನೋಡಿ ಬೆಳೆದವನು. ಆದರೂ ಜಪಾನಿಗೆ ಬಂದು ಬಹಳ ಕಾಲ ಕಬುಕಿಯ ಕಡೆ ಸುಳಿದಿರಲಿಲ್ಲ. ಪ್ರವಾಸಿಗರಿಗೆ ತೋರಿಸುವ ಸಾಮಾನು ಎಂಬ ಅಸಡ್ಡೆ ಒಂದು ಕಡೆ, ಭಾಷೆ ತಿಳಿಯದು ಎಂಬ ಅಂಜಿಕೆ ಇನ್ನೊಂದು ಕಡೆ. (ಭಾಷೆ ತಿಳಿಯುವುದಿಲ್ಲ ಎಂಬುದು ನಿಜವೇ. ಮುನ್ನೂರು ವರ್ಷ ಹಿಂದಿನ ಜಪಾನೀ ಮಾತು. ಇಲ್ಲಿನವರೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ವಿವರಣೆ ಕೇಳುತ್ತಾರೆ.) ಒಂದು ದಿನ ಮಳೆಗೆ ಸಿಕ್ಕಿ, ಹೊತ್ತು ಕಳೆಯಲೆಂದು ನಾಲ್ಕನೇ ಮಹಡಿಯ ಟಿಕೆಟ್ ತೆಗೆದುಕೊಂಡೆ. ಕಬುಕಿ-ಜಾದಲ್ಲಿ ಒಂದೇ ಅಂಕ ನೋಡಿ ಹೋಗುವವರಿಗೆಂದೇ ಮೇಲಿನ ಆ ಜಾಗ ಇದೆ, ದರವೂ ಕಡಿಮೆ. ನಿಜವಾದ ರಸಿಕರು ಕೂರುವುದೂ ಮೇಲುಗಡೆಯೇ. ನಟ ಸರಿಯಾದ ಕ್ಷಣದಲ್ಲಿ ಸರಿಯಾದ ಭಂಗಿಗೆ ಬಂದನೋ, ಹಿಂದಿನ ಸಾಲಿನಿಂದ ಯಾರಾದರೊಬ್ಬ ಮುದುಕ ಅವನ ಮನೆತನದ ಹೆಸರು ಹಿಡಿದು ಕೂಗುತ್ತಾನೆ. ಅರ್ಧ ಕ್ಷಣ ಮೊದಲೂ ಅಲ್ಲ, ಆಮೇಲೂ ಅಲ್ಲ. ಮೊದಲ ಸಲ ಆ ಕೂಗು ಕೇಳಿದಾಗ ನಾನು ಬೆಚ್ಚಿಬಿದ್ದೆ, ಎರಡನೇ ಸಲಕ್ಕೆ ಊರಿನ ಗದ್ದೆಯಲ್ಲಿ ಕೂತ ಹಾಗಾಯಿತು.

ನೋಡದವರಿಗಾಗಿ ಎರಡು ಮಾತು. ಸಭಾಂಗಣದ ಎಡಗಡೆ, ಪ್ರೇಕ್ಷಕರ ನಡುವೆಯೇ ಹಾದುಹೋಗುವ ಉದ್ದನೆಯ ದಾರಿಯೊಂದು ರಂಗಕ್ಕೆ ಸೇರುತ್ತದೆ. ಹನಮಿಚಿ, ಅಂದರೆ ಹೂವಿನ ಹಾದಿ. ಮುಖ್ಯ ಪಾತ್ರಗಳು ಬರುವುದು, ಹೋಗುವುದು ಅದರ ಮೇಲೆ. ಉಡುಪಿನ ಸರಸರ ಸದ್ದು ಪಕ್ಕದಲ್ಲಿ ಕೂತವರ ಕಿವಿಗೇ ಬೀಳುತ್ತದೆ. ಭಾವ ತುತ್ತತುದಿಗೆ ಮುಟ್ಟಿದಾಗ ನಟ ತಲೆಯನ್ನೊಮ್ಮೆ ತಿರುವಿ, ಕಣ್ಣು ಅರಳಿಸಿ, ಕಲ್ಲಾಗಿ ನಿಂತುಬಿಡುತ್ತಾನೆ. ರಂಗದ ಬದಿಯಲ್ಲಿ ಕೂತವನೊಬ್ಬ ಮರದ ಹಲಗೆಗೆ ಕೊರಡು ಬಡಿಯುತ್ತಾನೆ. ಈ ಭಂಗಿಗೆ 'ಮಿಎ' ಎನ್ನುತ್ತಾರೆ. ಬೊಂಬೆಯಾಟದಿಂದ ಬಂದ ಪ್ರಸಂಗಗಳಾದರೆ ಬಲಗಡೆ ಒಬ್ಬ ಗಾಯಕ, ಒಬ್ಬ ಶಮಿಸೆನ್ ನುಡಿಸುವವನು. ಪಾತ್ರ ಬಾಯಿಬಿಟ್ಟು ಹೇಳಲಾರದ್ದನ್ನು ಗಾಯಕ ಹಾಡಿ ಹೇಳುತ್ತಾನೆ. ನಮ್ಮ ಭಾಗವತರನ್ನು ನೆನೆಸಿಕೊಂಡರೆ ಅರ್ಧ ಅರ್ಥವಾಯಿತು ಅಂತಲೇ ಲೆಕ್ಕ.

1603ರ ಸುಮಾರಿಗೆ ಕ್ಯೋಟೋದಲ್ಲಿ ಓಕುನಿ ಎಂಬ ಹೆಂಗಸು ಕುಣಿದು ಶುರುಮಾಡಿದ ಆಟ ಇದು. 1629ರಲ್ಲಿ ಆಳುವವರು ಹೆಂಗಸರನ್ನು ರಂಗದಿಂದ ಓಡಿಸಿದರು. ಆಮೇಲೆ ಎಳೆಯ ಹುಡುಗರು ಬಂದರು. 1652ರಲ್ಲಿ ಅವರನ್ನೂ ತಡೆದರು. ಉಳಿದವರು ಬೆಳೆದ ಗಂಡಸರು. ಹೆಣ್ಣು ಹುಟ್ಟಿಸಿದ ಕಲೆಯಲ್ಲಿ ಹೆಣ್ಣಿನ ಪಾತ್ರವನ್ನೂ ಗಂಡಸೇ ಮಾಡಬೇಕಾದದ್ದು ಹೀಗೆ. ಆ ಅನ್ಯಾಯದ ಬಗ್ಗೆ ಬೇರೆಯೇ ಬರೆಯಬೇಕು. ನಾನೀಗ ಹೇಳಹೊರಟದ್ದು ಆ ಮಳೆಯ ದಿನ ನೋಡಿದ 'ತೆರಕೊಯ' ಅಂಕದ ಬಗ್ಗೆ. ತೆರಕೊಯ ಅಂದರೆ ಹಳ್ಳಿಯ ಐಗಳ ಮಠ. 1746ರಲ್ಲಿ ಓಸಾಕಾದಲ್ಲಿ ಬೊಂಬೆಯಾಟಕ್ಕೆಂದು ಬರೆದು, ಅದೇ ವರ್ಷ ಕಬುಕಿಗೂ ಬಂದ 'ಸುಗವಾರ ದೆಂಜು ತೆನರಾಯ್ ಕಗಮಿ' ಎಂಬ ದೊಡ್ಡ ನಾಟಕದ ಒಂದು ಭಾಗ ಅದು. ಪೂರ್ತಿ ನಾಟಕ ಆಡುವುದು ಅಪರೂಪ. ಇದೊಂದು ಅಂಕವನ್ನು ಮಾತ್ರ ಮತ್ತೆ ಮತ್ತೆ ಆಡುತ್ತಾರೆ.

ಕಥೆ ಹೀಗೆ. ಕಾನ್ ಶೋಜೋ ಎಂಬ ವಿದ್ವಾಂಸ ಮಂತ್ರಿಯನ್ನು ಶಿಹೆಯ್ ಎಂಬ ಎದುರಾಳಿ ಸುಳ್ಳು ಆರೋಪ ಹೊರಿಸಿ ಗಡೀಪಾರು ಮಾಡಿಸಿದ್ದಾನೆ. ಮಂತ್ರಿಯ ಎಳೆಯ ಮಗ ಕಾನ್ ಶೂಸಾಯ್. ಅವನನ್ನು ಮಂತ್ರಿಯ ಹಳೆಯ ಶಿಷ್ಯ ಗೆಂಜೋ ತನ್ನ ಮಗನೆಂದು ಹೇಳಿಕೊಂಡು ಹಳ್ಳಿಯ ಮಠದಲ್ಲಿ ಬಚ್ಚಿಟ್ಟಿದ್ದಾನೆ. ಗುಟ್ಟು ರಟ್ಟಾಗುತ್ತದೆ. ಹುಡುಗನ ತಲೆ ತಂದೊಪ್ಪಿಸು ಎಂದು ಆಜ್ಞೆ ಬರುತ್ತದೆ. ಊರಿನ ಮುಖ್ಯಸ್ಥನ ಮನೆಯಿಂದ ಗೆಂಜೋ ತಲೆ ತಗ್ಗಿಸಿಕೊಂಡು ಬರುತ್ತಾನೆ. ಬಂದವನೇ ಅಕ್ಷರ ತಿದ್ದುತ್ತಿರುವ ಹುಡುಗರ ಮುಖಗಳನ್ನು ಒಂದೊಂದಾಗಿ ನೋಡುತ್ತಾನೆ. ಎಲ್ಲರೂ ರೈತರ ಮಕ್ಕಳು, ಬಿಸಿಲಿಗೆ ಕಪ್ಪಾದವರು. ಮಂತ್ರಿಯ ಮಗ ಎಂದರೆ ಯಾರೂ ನಂಬುವುದಿಲ್ಲ. ಆ ನೋಟದ ಅರ್ಥ ಪ್ರೇಕ್ಷಕನಿಗೆ ಹೊಳೆಯಲು ಎರಡು ಕ್ಷಣ ಬೇಕು: ಗುರು ತನ್ನ ಶಿಷ್ಯರಲ್ಲಿ ಕಡಿಯಲು ತಕ್ಕ ತಲೆ ಹುಡುಕುತ್ತಿದ್ದಾನೆ.

ಅಷ್ಟರಲ್ಲಿ ಅವನ ಹೆಂಡತಿ ತೊನಾಮಿ ಹೊಸ ಹುಡುಗನೊಬ್ಬನನ್ನು ಮುಂದೆ ತಂದು ನಮಸ್ಕಾರ ಮಾಡಿಸುತ್ತಾಳೆ. ಕೊತಾರೋ. ಅದೇ ದಿನ ಬೆಳಿಗ್ಗೆ ತಾಯಿ ಕರೆತಂದು ಸೇರಿಸಿ ಹೋದವನು. ಬಿಳಿಯ ಮುಖ, ಒಳ್ಳೆಯ ಮನೆತನದ ಕಳೆ. ಗೆಂಜೋನ ಮುಖ ಬದಲಾಗುತ್ತದೆ.

ಅಧಿಕಾರಿಗಳು ಬರುತ್ತಾರೆ. ಮಂತ್ರಿಯ ಮಗನ ಗುರುತು ಬಲ್ಲವನೆಂದು ಮತ್ಸುಓ ಎಂಬವನನ್ನು ಕರೆತಂದಿದ್ದಾರೆ. ಇವನು ಶಿಹೆಯ್‌ನ ಸೇವಕ. ಆದರೆ ಇವನ ಹೆತ್ತವರ ಮನೆಗೆ ಕಾನ್ ಶೋಜೋನ ಋಣವಿದೆ. ಕಪ್ಪು ಬಟ್ಟೆಯ ಮೇಲೆ ಹಿಮ ಹೊತ್ತ ಪೈನ್ ಮರದ ಕಸೂತಿ, ತಲೆಗೆ ಕಾಯಿಲೆಯವರು ಕಟ್ಟುವ ನೇರಳೆ ಪಟ್ಟಿ, ಕೆಮ್ಮು. ಊರ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು, ಮುಖ ನೋಡಿ, ಅವರವರ ಮನೆಯವರ ಜೊತೆ ಹೊರಗೆ ಬಿಡುತ್ತಾರೆ. ಇಲ್ಲಿ ಜೊಲ್ಲು ಸುರಿಸುವ ದಡ್ಡ ಹುಡುಗನೊಬ್ಬನ ಹಾಸ್ಯವೂ ಉಂಟು, ಜನ ಹೊಟ್ಟೆ ತುಂಬ ನಗುತ್ತಾರೆ. ಆಮೇಲೆ ಗೆಂಜೋ ಒಳಗೆ ಹೋಗುತ್ತಾನೆ. ಕತ್ತಿಯ ಸದ್ದು ಕೇಳುತ್ತದೆ. ರಂಗದ ಮೇಲೆ ಮತ್ಸುಓ ತಡವರಿಸಿ ತೊನಾಮಿಗೆ ಡಿಕ್ಕಿ ಹೊಡೆಯುತ್ತಾನೆ, ಅವಳನ್ನೇ ಗದರುತ್ತಾನೆ. ಪೆಟ್ಟಿಗೆ ಬರುತ್ತದೆ. ಮುಚ್ಚಳ ತೆಗೆಯುತ್ತಾನೆ. ನೋಡುತ್ತಾನೆ. ಇದು ಕಾನ್ ಶೂಸಾಯ್‌ನ ತಲೆಯೇ, ಅನುಮಾನವಿಲ್ಲ ಎನ್ನುತ್ತಾನೆ.

ಆ ನೋಟಕ್ಕೆ ಒಂದು ಕ್ರಮವಿದೆ. ಕಬುಕಿಯವರು ಅದಕ್ಕೆ 'ಕತಾ' ಎನ್ನುತ್ತಾರೆ: ಹಿಂದಿನ ದೊಡ್ಡ ನಟರು ರೂಪಿಸಿಟ್ಟ ಅಚ್ಚು. ಯಾವಾಗ ಕಣ್ಣು ಮುಚ್ಚಬೇಕು, ಯಾವಾಗ ತೆರೆಯಬೇಕು, ಕೈ ಎಲ್ಲಿರಬೇಕು, ಎಲ್ಲ ತಲೆಮಾರಿನಿಂದ ತಲೆಮಾರಿಗೆ ಬಂದದ್ದು. ಒಂದೊಂದು ಮನೆತನದಲ್ಲಿ ಒಂದೊಂದು ಬಗೆ. ಬಲ್ಲವರು ಅಪ್ಪನ ಮತ್ಸುಓ, ಮಗನ ಮತ್ಸುಓ ಎಂದು ಹೋಲಿಸಿ ಮಾತಾಡುತ್ತಾರೆ. ಭಾವ ಉಕ್ಕಿ ಬಂದಾಗ ಅತ್ತುಬಿಡುವುದು ಯಾರಿಗಾದರೂ ಆಗುತ್ತದೆ. ಅಚ್ಚಿನೊಳಗೆ ಇದ್ದುಕೊಂಡೇ ಅಚ್ಚು ಬಿರಿಯುವ ಹಾಗೆ ಅಳುವುದು ಕಬುಕಿ.

ಅಧಿಕಾರಿಗಳು ತಲೆ ಹೊತ್ತು ಹೋದ ಮೇಲೆ ಹುಡುಗನ ತಾಯಿ ಚಿಯೋ ಮರಳುತ್ತಾಳೆ. ಗುಟ್ಟು ಉಳಿಯಲೆಂದು ಗೆಂಜೋ ಅವಳನ್ನೂ ಕೊಲ್ಲಲು ಹೋದಾಗ, ಮಗನ ಪುಸ್ತಕದ ಪೆಟ್ಟಿಗೆಯನ್ನೇ ಅಡ್ಡ ಹಿಡಿಯುತ್ತಾಳೆ. ಅದರಿಂದ ಹೊರಬೀಳುವುದು ಪುಸ್ತಕವಲ್ಲ, ಶವಕ್ಕೆ ಉಡಿಸುವ ಬಿಳಿ ಬಟ್ಟೆ. ಹಿಂದೆಯೇ ಮತ್ಸುಓ ಬರುತ್ತಾನೆ. ಗೆಂಜೋ ಒಡೆಯನ ಮಗನನ್ನು ಕೊಲ್ಲಲಾರ, ಬದಲಿಗೆ ಯಾರನ್ನಾದರೂ ಕೊಲ್ಲಲೇಬೇಕು ಎಂದು ಮೊದಲೇ ಲೆಕ್ಕಹಾಕಿ ಗಂಡ ಹೆಂಡತಿ ಸೇರಿ ಕಳಿಸಿದ ಸ್ವಂತ ಮಗ ಕೊತಾರೋ. ಹುಡುಗ ಹೇಗೆ ಸತ್ತ ಎಂದು ಮತ್ಸುಓ ಕೇಳುತ್ತಾನೆ. ನಗುತ್ತಾ ಕತ್ತು ಒಡ್ಡಿದ ಎಂದು ಗೆಂಜೋ ಹೇಳುತ್ತಾನೆ. ಅಪ್ಪ ನಗುತ್ತಾನೆ, ನಗು ಅಳುವಾಗುತ್ತದೆ. ಆದರೆ ಯೋಧ ಮಗನಿಗಾಗಿ ಅಳಬಾರದಲ್ಲ. ಹಿಂದೆಯೇ ಜೀವ ತೆಗೆದುಕೊಂಡ ಸಹೋದರನೊಬ್ಬನ ಹೆಸರು ಹೇಳಿಕೊಂಡು ಅಳುತ್ತಾನೆ. ನಾನು ಸೋತದ್ದು ಅಲ್ಲಿ.

ಕೊನೆಯಲ್ಲಿ ಹೆತ್ತವರು ಮೇಲುಬಟ್ಟೆ ಕಳಚಿದರೆ ಒಳಗೆ ಬಿಳಿ ಶೋಕವಸ್ತ್ರ. ಗಾಯಕ ಹಾಡುವ ಶವಯಾತ್ರೆಯ ಹಾಡು 'ಇರೋಹ' ಕ್ರಮದಲ್ಲಿದೆ. ಇರೋಹ ಅಂದರೆ ಜಪಾನೀ ಮಕ್ಕಳು ಆಗ ಅಕ್ಷರ ಕಲಿಯುತ್ತಿದ್ದ ಪದ್ಯ, ನಲವತ್ತೇಳು ಅಕ್ಷರಗಳೂ ಒಂದೊಂದೇ ಸಲ ಬರುವಂಥದ್ದು. ನಮ್ಮಲ್ಲಿ ಅಕ್ಷರಾಭ್ಯಾಸಕ್ಕೆ ಕಳಿಸಿದ ಮಗುವಿನ ಚಟ್ಟ ಹೊತ್ತವರು ಅ ಆ ಇ ಈ ಹೇಳುತ್ತಾ ನಡೆದರೆ ಹೇಗಿರುತ್ತದೋ ಹಾಗೆ.

ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಈ ಕಥೆ ಹೇಳಿದೆ. "ನಮ್ಮ ಸಿರಿಯಾಳನ ಕಥೆ ಅಲ್ಲವೋ ಮಾರಾಯ?" ಅಂದರು. ಹೌದಲ್ಲ! ಅತಿಥಿಯಾಗಿ ಬಂದ ಶಿವನಿಗೆ ಸಿರಿಯಾಳ, ಚಾಂಗಳೆ ಇಬ್ಬರೂ ಮಗ ಚೀಲಾಳನನ್ನು ಕೊಂದು ಅಡುಗೆ ಮಾಡಿ ಬಡಿಸುತ್ತಾರೆ. ಲಕ್ಷ್ಮೀಶನ ಜೈಮಿನಿ ಭಾರತದ ಮಯೂರಧ್ವಜ ಹೆಂಡತಿ ಮಗನ ಕೈಯಿಂದಲೇ ತನ್ನ ಮೈ ಸೀಳಿಸಿಕೊಳ್ಳಲು ಕೂರುತ್ತಾನೆ. ಹರಿಶ್ಚಂದ್ರ ಹೆಂಡತಿಯ ಮೇಲೆ ಕತ್ತಿ ಎತ್ತುತ್ತಾನೆ. ಇಂಥ ಕಥೆಗಳಿಗೆ ಕಣ್ಣೀರು ಹಾಕುವುದು ನನಗೆ ಜಪಾನಿಗೆ ಬರುವ ಮೊದಲೇ ಅಭ್ಯಾಸವಾಗಿತ್ತು. ಒಂದು ವ್ಯತ್ಯಾಸ ಮಾತ್ರ ಉಂಟು. ನಮ್ಮ ಕಥೆಗಳಲ್ಲಿ ಕೊನೆಗೆ ದೇವರು ಪ್ರತ್ಯಕ್ಷನಾಗುತ್ತಾನೆ. ಚೀಲಾಳ ಓಡಿ ಬರುತ್ತಾನೆ, ರೋಹಿತ ಎದ್ದು ಕೂರುತ್ತಾನೆ. ಅದು ಪರೀಕ್ಷೆಯಾಗಿತ್ತು, ನಿಜವಾಗಿ ಯಾರೂ ಸಾಯಲಿಲ್ಲ ಎಂದು ನೆಮ್ಮದಿಯಿಂದ ಚಾಪೆ ಮಡಚಿ ಮನೆಗೆ ಹೋಗುತ್ತಿದ್ದೆವು. ತೆರಕೊಯದಲ್ಲಿ ಯಾರೂ ಎದ್ದು ಬರುವುದಿಲ್ಲ. ಇದರಲ್ಲಿ ದೇವರಿಲ್ಲ ಎಂದಲ್ಲ. ಕಾನ್ ಶೋಜೋ ಎಂದರೆ ಇತಿಹಾಸದ ಸುಗವಾರ ನೋ ಮಿಚಿಜಾನೆ. 901ರಲ್ಲಿ ಕ್ಯೂಶೂಗೆ ಗಡೀಪಾರಾಗಿ 903ರಲ್ಲಿ ಅಲ್ಲೇ ಸತ್ತವನು, ಆಮೇಲೆ ತೆಂಜಿನ್ ಎಂಬ ಹೆಸರಿನಲ್ಲಿ ವಿದ್ಯೆಯ ದೇವರಾದವನು. ಇವತ್ತಿಗೂ ಪರೀಕ್ಷೆಯ ಕಾಲದಲ್ಲಿ ಟೋಕಿಯೋದ ಯುಶಿಮಾ ತೆಂಜಿನ್ ಗುಡಿಯಲ್ಲಿ ಮಕ್ಕಳು ಬೇಡಿಕೆ ಬರೆದ ಮರದ ಫಲಕಗಳು ಗೊಂಚಲುಗೊಂಚಲಾಗಿ ತೂಗುತ್ತವೆ. ನನ್ನ ಮಗಳದೂ ಒಂದು ತೂಗಿದೆ. ಆ ದೇವರ ಮಗನನ್ನು ಉಳಿಸಲು ಮಠದಲ್ಲಿ ಮೊದಲ ದಿನವೇ ಸತ್ತ ಹುಡುಗನನ್ನು ಆ ದೇವರು ಎಬ್ಬಿಸಿಕೊಡುವುದಿಲ್ಲ.

ನಮ್ಮ ಅಲಂಕಾರಿಕರು ಇದಕ್ಕೆ ಉತ್ತರ ಕೊಟ್ಟಿದ್ದಾರೆ ಎನ್ನಬಹುದು. ರಂಗದ ಶೋಕ ಯಾರೊಬ್ಬರ ಶೋಕವೂ ಅಲ್ಲ, ಸಾಧಾರಣೀಕರಣವಾಗಿ ಕರುಣರಸವಾದದ್ದು, ಆದ್ದರಿಂದಲೇ ಆಸ್ವಾದ್ಯ. ಈ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಯಾರದೂ ಅಲ್ಲದ ಶೋಕವಾಗುವಾಗ ಸತ್ತವನು ಯಾರು ಎಂಬುದೂ ತೊಳೆದುಹೋಗುತ್ತದಲ್ಲ? ಅಳುವವನ ಮುಖ ರಂಗದ ನಡುವೆ, ಬೆಳಕಿನಲ್ಲಿ. ಸತ್ತವನು ಪೆಟ್ಟಿಗೆಯಲ್ಲಿ.

ಈ ಅನುಮಾನ ನನಗಿಂತ ಮೊದಲು ಬಂದೂಕು ಹಿಡಿದವರಿಗೂ ಬಂದಿತ್ತು. 1945ರ ಆಗಸ್ಟಿನಲ್ಲಿ ಜಪಾನ್ ಸೋತು ಶರಣಾಯಿತು. ಅದೇ ನವೆಂಬರಿನಲ್ಲಿ ಟೋಕಿಯೋದಲ್ಲಿ ತೆರಕೊಯ ನಡೆಯುತ್ತಿದ್ದಾಗ ಅಮೆರಿಕದ ಆಡಳಿತದ ಸೆನ್ಸಾರ್ ಅಧಿಕಾರಿಗಳು ಪ್ರದರ್ಶನವನ್ನು ನಡುವಿನಲ್ಲೇ ನಿಲ್ಲಿಸಿದರು. ಒಡೆಯನಿಗಾಗಿ ಮಗನನ್ನು ಕೊಡುವುದನ್ನು ಹೊಗಳುವ ಆಟ ಈ ದೇಶಕ್ಕೆ ಇನ್ನು ಬೇಡ ಎಂಬುದು ಅವರ ವಾದ. ಕೆಲಕಾಲ ಕಬುಕಿಯ ಅರ್ಧ ಭಂಡಾರಕ್ಕೇ ಬೀಗ ಬಿತ್ತು. ಆಮೇಲೆ ಬಿಗಿ ಸಡಿಲವಾಯಿತು. 1947ರಲ್ಲಿ ನಲವತ್ತೇಳು ಸಮುರಾಯಿಗಳ 'ಚೂಶಿಂಗುರಾ' ಕೂಡ ಮತ್ತೆ ರಂಗಕ್ಕೇರಿತು. ಗೆದ್ದವರು ಸೋತವರ ನಾಟಕ ನಿಲ್ಲಿಸುವುದು ನೋಡಲು ಚೆಂದದ ಕೆಲಸವಲ್ಲ. ಆದರೂ ಆ ಅಧಿಕಾರಿಗಳನ್ನು ಮೂಢರೆಂದು ತಳ್ಳಿಹಾಕಲು ನನಗಾಗುವುದಿಲ್ಲ. ಆಗಷ್ಟೇ ಆ ದೇಶದ ಎಷ್ಟೊಂದು ಮನೆಗಳು ಒಡೆಯನ ಹೆಸರಿನಲ್ಲಿ ಮಕ್ಕಳನ್ನು ನಿಜವಾಗಿಯೇ ಕೊಟ್ಟಿದ್ದವು!

ಈ ವಿಷಯವನ್ನು ನಾನೊಮ್ಮೆ ನಮ್ಮ ಕಟ್ಟಡದ ಕೆಳಮನೆಯ ಅಜ್ಜಿಯ ಹತ್ತಿರ ಎತ್ತಿದೆ. ಎಂಬತ್ತು ದಾಟಿದವರು, ಕಬುಕಿಯ ಹುಚ್ಚಿನವರು. ತೆರಕೊಯವನ್ನು ಎಷ್ಟು ಸಲ ನೋಡಿದ್ದೀರಿ ಎಂದರೆ ಲೆಕ್ಕವಿಲ್ಲ ಎಂದರು. ಸುಮ್ಮನಿದ್ದು, ಆಮೇಲೆ ಹೇಳಿದರು. ಅವರ ಅಣ್ಣ ಯುದ್ಧಕ್ಕೆ ಹೊರಟಾಗ ಅವರಿಗೆ ಏಳು ವರ್ಷ. ಸ್ಟೇಷನ್ನಿನಲ್ಲಿ ಕೇರಿಯವರೆಲ್ಲ ಬಾವುಟ ಬೀಸಿದರು. ಅವರ ತಾಯಿ ಅಳಲಿಲ್ಲ, ಅಳುವ ಹಾಗಿರಲಿಲ್ಲ. ಎಲ್ಲರಿಗೂ ತಲೆಬಾಗಿ ವಂದಿಸಿದರು. ಮರುವರ್ಷ ಬಿಳಿಬಟ್ಟೆಯಲ್ಲಿ ಸುತ್ತಿದ ಪೆಟ್ಟಿಗೆ ಬಂತು. ಒಳಗೆ ಮೂಳೆ ಇರಲಿಲ್ಲ, ಹೆಸರು ಬರೆದ ಕಾಗದ ಇತ್ತು. ಆಗಲೂ ತಾಯಿ ಅಳಲಿಲ್ಲ. ಬಾಂಬಿಗೆ ಸುಟ್ಟುಹೋಗಿದ್ದ ಕಬುಕಿ-ಜಾವನ್ನು ಮತ್ತೆ ಕಟ್ಟಿ 1951ರಲ್ಲಿ ತೆರೆದರು. ಆಮೇಲೆ ಒಂದು ದಿನ ತಾಯಿ ಮಗಳನ್ನು ಕರೆದುಕೊಂಡು ತೆರಕೊಯ ನೋಡಲು ಹೋದರು. "ಚಿಯೋ ಮಗನ ಪೆಟ್ಟಿಗೆ ಹಿಡಿದುಕೊಂಡಾಗ ಅಮ್ಮ ಗಟ್ಟಿಯಾಗಿ ಅತ್ತುಬಿಟ್ಟರು. ಪಕ್ಕದ ಸೀಟಿನವರೂ ಅಳುತ್ತಿದ್ದರು. ಮತ್ಸುಓನನ್ನು ಹೊಗಳಲು ನಾವು ಹೋಗುವುದಲ್ಲ" ಎಂದರು ಅಜ್ಜಿ.

ಅದನ್ನು ಕೇಳಿದ ಮೇಲೆ ಸೆನ್ಸಾರಿನವರ ಪರ ಮಾತಾಡುವ ಧೈರ್ಯ ನನಗೆ ಬರಲಿಲ್ಲ. ಆದರೆ ರಾತ್ರಿ ಮಲಗಿದಾಗ ಇನ್ನೊಂದು ಯೋಚನೆ ಬಂತು. ಅತ್ತು ಹಗುರಾಗಿ ಮನೆಗೆ ಹೋದ ಜನರೇ ಮುಂದಿನ ಸಲವೂ ಬಾವುಟ ಬೀಸುವುದಿಲ್ಲವೇ? ಅಳು ಒಮ್ಮೊಮ್ಮೆ ಗಾಯಕ್ಕೆ ಮದ್ದು, ಒಮ್ಮೊಮ್ಮೆ ಗಾಯ ಮಾಡುವ ಯಂತ್ರಕ್ಕೆ ಎಣ್ಣೆ. ಯಾವುದು ಯಾವಾಗ ಎಂದು ಹೊರಗಿನಿಂದ ಹೇಳುವುದು ಹೇಗೆ?

ಮುಂದೆ ಒಂದು ಸಲ ಅಜ್ಜಿಯ ಜೊತೆಗೇ ತೆರಕೊಯ ನೋಡಲು ಹೋದೆ. "ಇವತ್ತಿನದು ಬೇರೆ, ತೆರಾಇರಿ ಸಮೇತ ಆಡುತ್ತಿದ್ದಾರೆ" ಎಂದು ದಾರಿಯಲ್ಲಿ ಹೇಳಿದರು. ತೆರಾಇರಿ ಅಂದರೆ ಮಠಕ್ಕೆ ಸೇರಿಸುವುದು. ಅಂಕದ ಮೊದಲಲ್ಲೇ ಬರುವ ಸಣ್ಣ ದೃಶ್ಯ. ಹೊತ್ತು ಉಳಿಸಲು ಎಷ್ಟೋ ಸಲ ಬಿಟ್ಟೇ ಆಡುತ್ತಾರೆ. ನಾನು ಮೊದಲು ನೋಡಿದ್ದರಲ್ಲಿ ಅದು ಇರಲಿಲ್ಲ. ಅದರಲ್ಲಿ ಆಗುವುದು ಇಷ್ಟೇ. ಚಿಯೋ ಮಗನನ್ನು ಕರೆದುಕೊಂಡು ಬರುತ್ತಾಳೆ. ಉಪಚಾರದ ಮಾತು, ಗುರುಪತ್ನಿಗೆ ಕಾಣಿಕೆ. ಪಕ್ಕದ ಊರಿಗೆ ಹೋಗಿ ಬರುತ್ತೇನೆ ಎಂದು ಏಳುತ್ತಾಳೆ. ಕೊತಾರೋ ಹಿಂದೆಯೇ ಎದ್ದು ಬರುತ್ತಾನೆ, ನಾನೂ ಬರುತ್ತೇನೆ ಎಂದು ಅವಳ ಬಟ್ಟೆ ಹಿಡಿದುಕೊಳ್ಳುತ್ತಾನೆ. ಇಷ್ಟು ದೊಡ್ಡವನಾಗಿ ಹೀಗೆ ಮಾಡುವುದೇ ಎಂದು ತಾಯಿ ಗದರುತ್ತಾಳೆ. ಬಿಡಿಸಿಕೊಂಡು ಹೋಗುತ್ತಾಳೆ, ಹೋಗುತ್ತಾ ತಿರುಗಿ ನೋಡುತ್ತಾಳೆ.

ಶಾಲೆಯ ಮೊದಲ ದಿನ ಯಾವ ಮಗುವಾದರೂ ಮಾಡುವಂಥದ್ದು. ನನ್ನ ಮಗಳು ಇಲ್ಲಿಯ ಶಾಲೆಗೆ ಸೇರಿದ ದಿನ ಮಾಡಿದ್ದೂ ಅದೇ. ಅವಳ ಬಾಯಲ್ಲಿ ಇದ್ದದ್ದು ಕನ್ನಡ ಮಾತ್ರ, ಟೀಚರಿಗೆ ಬರುತ್ತಿದ್ದದ್ದು ಜಪಾನೀ ಮಾತ್ರ. ಅವಳ ಬೆರಳು ಬಿಡಿಸಿ ಬಂದವನು ನಾನೇ. ನಾವೂ ಯಾರನ್ನು ಕೇಳಿ ವಿಮಾನ ಹತ್ತಿಸಿದೆವು? ಅದಿರಲಿ, ಅದನ್ನು ಇದಕ್ಕೆ ಹೋಲಿಸುವುದು ಅತಿಯಾಯಿತು.

ಆದರೆ ಆ ದೃಶ್ಯ ನೋಡಿದ ಮೇಲೆ ಮುಂದಿನದೆಲ್ಲ ಬೇರೆಯಾಗಿ ಕಂಡಿತು. ಹುಡುಗ ನಗುತ್ತಾ ಕತ್ತು ಒಡ್ಡಿದ ಎಂದು ಗೆಂಜೋ ಹೇಳಿದಾಗ, ಮೊದಲ ಸಲ ನನಗೆ ಮೈ ಜುಮ್ಮೆಂದಿತ್ತು. ಈ ಸಲ, ಆ ಮಾತನ್ನು ಹೇಳುತ್ತಿರುವವನು ಕೊಂದವನೇ ಎಂಬುದು ನೆನಪಾಯಿತು. ಹುಡುಗ ನಕ್ಕದ್ದನ್ನು ನಾವು ನೋಡಿಲ್ಲ. ಬಟ್ಟೆ ಹಿಡಿದುಕೊಂಡದ್ದನ್ನು ನೋಡಿದ್ದೇವೆ. ಕೊನೆಯಲ್ಲಿ ಚಿಯೋ ಅಳುವಾಗ ನೆನೆಸಿಕೊಳ್ಳುವುದೂ ಅದನ್ನೇ, ಎಂದೂ ಇಲ್ಲದೆ ಅವನು ಹಿಂದೆ ಬಂದದ್ದು, ತಾನು ಗದರಿದ್ದು. ಮೊದಲ ದೃಶ್ಯ ಬಿಟ್ಟರೆ ಆ ಮಾತು ಎಲ್ಲಿಂದಲೋ ಬಂದ ಹಾಗೆ ಕಿವಿಯ ಪಕ್ಕ ಹಾದುಹೋಗುತ್ತದೆ. 1746ರಲ್ಲಿ ಇದನ್ನು ಬರೆದವರು ಸ್ವಾಮಿನಿಷ್ಠೆಯನ್ನು ಪ್ರಶ್ನಿಸಲು ಹೊರಟವರಲ್ಲ. ಆದರೂ ಬೇಡ ಎನ್ನುವ ಒಂದು ಕೈಯನ್ನು ನಾಟಕದ ಬಾಗಿಲಲ್ಲೇ ಇಟ್ಟಿದ್ದಾರೆ. ಹದಿನೈದು ಇಪ್ಪತ್ತು ನಿಮಿಷ ಉಳಿಸಲು ಅದನ್ನು ಕತ್ತರಿಸಿದಾಗ ಉಳಿಯುವುದು ಮತ್ಸುಓನ ನಾಟಕ. ಅದನ್ನು ಇಟ್ಟುಕೊಂಡರೆ ಕೊತಾರೋ ಸ್ವಲ್ಪವಾದರೂ ಪೆಟ್ಟಿಗೆಯಿಂದ ಹೊರಗೆ ಇರುತ್ತಾನೆ.

ಜರ್ಮನಿಯ ಬ್ರೆಖ್ಟ್ ಇದೇ ಜಪಾನಿನ 'ತಾನಿಕೋ' ಎಂಬ ನೋ ನಾಟಕವನ್ನು ಎತ್ತಿಕೊಂಡು 1930ರಲ್ಲಿ ಶಾಲಾಮಕ್ಕಳಿಗಾಗಿ ಒಂದು ಆಟ ಮಾಡಿದ. ಬೆಟ್ಟದ ದಾರಿಯಲ್ಲಿ ಕಾಯಿಲೆ ಬಿದ್ದ ಹುಡುಗನನ್ನು ಕಣಿವೆಗೆ ಎಸೆಯುವುದು ಸಂಪ್ರದಾಯ. ನಿನಗೆ ಒಪ್ಪಿಗೆಯೇ ಎಂದು ಕೇಳುತ್ತಾರೆ, ಹುಡುಗ ಹೌದು ಎನ್ನುತ್ತಾನೆ. ಬರ್ಲಿನ್ನಿನ ಒಂದು ಶಾಲೆಯ ಮಕ್ಕಳು ಇದೇನು ನ್ಯಾಯ ಎಂದು ತಕರಾರು ತೆಗೆದರು. ಬ್ರೆಖ್ಟ್ ಹುಡುಗ ಇಲ್ಲ ಎನ್ನುವ ಇನ್ನೊಂದು ಆಟವನ್ನೇ ಬರೆದ. ಬುದ್ಧಿಗೆ ಇದು ನನಗೆ ಪೂರ್ತಿ ಸರಿ ಅನಿಸುತ್ತದೆ. ಆದರೆ ಇಲ್ಲ ಎಂದ ಹುಡುಗನನ್ನು ಕಂಡು ಯಾವ ಊರಿನ ಯಾವ ತಾಯಿಯೂ ಪಕ್ಕದ ಸೀಟಿನವರ ಜೊತೆ ಗಟ್ಟಿಯಾಗಿ ಅತ್ತಿರಲಿಕ್ಕಿಲ್ಲ ಅಂತಲೂ ಅನಿಸುತ್ತದೆ.

ಆಟ ಮುಗಿಯಿತು. ಅಜ್ಜಿ ಎದ್ದೇಳಲಿಲ್ಲ. ಕೈಚೀಲದಿಂದ ಭೂತಗನ್ನಡಿ ತೆಗೆದು ಕಾರ್ಯಕ್ರಮದ ಪುಸ್ತಕದಲ್ಲಿ ಕೊತಾರೋ ಪಾತ್ರ ಮಾಡಿದ ಹುಡುಗನ ಹೆಸರು ಹುಡುಕಿದರು. ಕಬುಕಿ ಮನೆತನಗಳ ಮಕ್ಕಳು ನಾಲ್ಕೈದು ವರ್ಷಕ್ಕೇ ರಂಗಕ್ಕೆ ಬರುತ್ತಾರೆ. ಆ ವಯಸ್ಸಿನ ಪಾತ್ರಗಳಿಗೆ ಎತ್ತರದ, ಏರಿಳಿತವಿಲ್ಲದ ಒಂದೇ ದನಿ. ಬೆಳೆಯುತ್ತಾ ಅಜ್ಜನ ಹೆಸರು, ಅಜ್ಜನ ಪಾತ್ರ, ಅಜ್ಜನ ಕತಾ ಒಂದೊಂದಾಗಿ ಮೈಗೆ ಬರುತ್ತವೆ. ನಿನಗೆ ಬೇಕೇ ಎಂದು ಅವರನ್ನೂ ಯಾರೂ ಕೇಳಿರುವುದಿಲ್ಲ.

"ಇವನ ಅಜ್ಜನ ಮತ್ಸುಓ ನೋಡಿದ್ದೇನೆ" ಎಂದರು ಅಜ್ಜಿ, ಹೆಸರಿನ ಮೇಲೆ ಬೆರಳಿಟ್ಟು. "ಅವನೂ ಚಿಕ್ಕವನಿದ್ದಾಗ ಕೊತಾರೋ ಮಾಡಿದ್ದ. ಬಟ್ಟೆ ಹಿಡಿದುಕೊಂಡವನು ಬಿಡಲೇ ಇಲ್ಲ, ಚಿಯೋ ಮಾಡಿದವರು ಮಾತು ನಿಲ್ಲಿಸಿ ಬೆರಳು ಬಿಡಿಸಬೇಕಾಯಿತು. ಸಭೆಯೆಲ್ಲ ನಕ್ಕಿತು."

ಭೂತಗನ್ನಡಿ ಚೀಲಕ್ಕೆ ಹಾಕಿಕೊಂಡು, ನಮ್ಮ ಅಮ್ಮ ಮಾತ್ರ ನಗಲಿಲ್ಲ ಎಂದರು.